ಕೆಳಗಿನ ಪ್ರತಿ

ನನ್ನದು ಜೆರಾಕ್ಸ್ ಅಂಗಡಿ. ಎರಡು ಮೆಷಿನ್ನು, ಒಂದು ಕಂಪ್ಯೂಟರು, ಬೈಂಡಿಂಗ್ ಮಾಡೋದಕ್ಕೆ ನಮ್ಮ ದೊಡ್ಡಮ್ಮ. ಅಮ್ಮನ ಅಕ್ಕ, ಅರವತ್ತೆಂಟು ವರ್ಷ, ಕೈ ಇನ್ನೂ ಚುರುಕು. ಆದರೆ ಅವಳಿಗೆ ಒಂದು ರೋಗ ಇದೆ, ಏನನ್ನೇ ಆಗಲಿ ಮೂರು ಸಲ ನೋಡಬೇಕು. ಹಾಳೆ ಮೂರು ಸಲ ಎಣಿಸಬೇಕು, ಬೀಗ ಮೂರು ಸಲ ಜಗ್ಗಬೇಕು. ಗಿರಾಕಿಗಳು ಕೌಂಟರಿನ ಮೇಲೆ ಬೆರಳು ಕುಟ್ಟುತ್ತಾ ನಿಂತರೆ ನನಗೆ ಮೈಯೆಲ್ಲ ಉರಿಯುತ್ತದೆ. "ದೊಡ್ಡಮ್ಮ, ನೀನು ಎಣಿಸಿ ಮುಗಿಸೋ ಹೊತ್ತಿಗೆ ಇವರಿಗೆ ಪಿಂಚಣಿ ಬಂದಿರುತ್ತೆ" ಅಂದರೆ, "ಬರಲಿ ಬಿಡೇ, ಒಳ್ಳೇದೇ ಅಲ್ವಾ" ಅಂತ ಮತ್ತೆ ಮೊದಲಿಂದ ಎಣಿಸುತ್ತಾಳೆ.

ಇನ್ನೊಂದು ವಿಚಿತ್ರವೂ ಇದೆ. ಎದುರಿನ ಕಟ್ಟಡಕ್ಕೆ ಬಣ್ಣ ಬಳಿಯುವವರು ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರೆ ಅತ್ತ ಬೆನ್ನು ಹಾಕಿ ಕೂರುತ್ತಾಳೆ. ಯಾಕೆ ಅಂತ ನಾನೂ ಯಾವತ್ತೂ ಕೇಳಿರಲಿಲ್ಲ.

ಹೋದ ವಾರ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ತನ್ನ ಪ್ರಬಂಧವನ್ನು ಬೈಂಡಿಂಗಿಗೆ ಕೊಟ್ಟು ಹೋದಳು. ಮೂರನೇ ಸಲ ಎಣಿಸುತ್ತಿದ್ದ ದೊಡ್ಡಮ್ಮನ ಕೈ ಕೊನೆಯ ಹಾಳೆಗಳಲ್ಲಿ ನಿಂತೇಹೋಯಿತು. ಹುಡುಗಿ ಯಾವ್ಯಾವ ಲೇಖನ ಓದಿದ್ದಾಳೆ ಅನ್ನೋ ಪಟ್ಟಿ ಅಲ್ಲಿತ್ತು.

"ಈ ಹಳೇ ಲೇಖನ ಟೈಪ್ ಮಾಡಿದ್ದು ನಾನೇ ಕಣೇ" ಅಂದಳು. ಮುಖ ಬಿಳಚಿಕೊಂಡಿತ್ತು.

ಮದುವೆಗೆ ಮುಂಚೆ ಅವಳು ಕಾಲೇಜಿನಲ್ಲಿ ಟೈಪಿಸ್ಟ್ ಆಗಿದ್ದಳು ಅಂತ ಗೊತ್ತಿತ್ತು. ಕೆಲಸ ಯಾಕೆ ಬಿಟ್ಟಳು ಅನ್ನೋದು ಅವತ್ತು ಗೊತ್ತಾಯಿತು. ಅಲ್ಲಿನ ಪ್ರೊಫೆಸರು ಯಾವ ದಪ್ಪದ ಹಗ್ಗ ಎಷ್ಟು ಭಾರ ತಡೆಯುತ್ತೆ ಅಂತ ಪರೀಕ್ಷೆ ಮಾಡಿ ಲೇಖನ ಬರೆದರಂತೆ. ಅದು ಅಚ್ಚಾದ ಮೇಲೆ ಯಾರೋ ಓದುಗರ ಪತ್ರ ಬಂತು, ಒಂದು ಹಗ್ಗದ ಲೆಕ್ಕ ತಪ್ಪಿದೆ ಅಂತ. ಇನ್ನೂರ ಎಂಬತ್ತು ಕಿಲೋ ತಡೆಯೋ ಹಗ್ಗಕ್ಕೆ ಮುನ್ನೂರ ಎಂಬತ್ತು ಅಂತ ಅಚ್ಚಾಗಿತ್ತು. ಪ್ರೊಫೆಸರು ಪತ್ರಿಕೆಯನ್ನು ಅವಳ ಮೇಜಿನ ಮೇಲೆ ಬಿಸಾಕಿ, "ಕಣ್ಣು ಎಲ್ಲಿಟ್ಟುಕೊಂಡು ಟೈಪ್ ಮಾಡ್ತೀಯಮ್ಮ?" ಅಂತ ಎಲ್ಲರ ಎದುರಿಗೇ ಕೂಗಾಡಿದರು. ದೊಡ್ಡಮ್ಮ ಅತ್ತುಕೊಂಡು ಮನೆಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

"ಆಮೇಲೆ ಅದನ್ನ ಸರಿ ಮಾಡಿದ್ರೋ ಇಲ್ವೋ ಗೊತ್ತಿಲ್ಲ. ಆ ಲೆಕ್ಕ ನಂಬಿ ಯಾರಾದ್ರೂ ಹಗ್ಗ ಹಿಡಿದು ನೇತಾಡಿ..." ಅಂದವಳು ಮಾತು ನುಂಗಿಕೊಂಡಳು. ನನ್ನ ಪಿಂಚಣಿ ಜೋಕು ನೆನಪಾಗಿ ನನಗೆ ನಾಚಿಕೆಯಾಯಿತು.

"ಅಳಬೇಡ, ನೋಡೇಬಿಡೋಣ" ಅಂದೆ. ಹಳೇ ಲೇಖನಗಳನ್ನೆಲ್ಲ ತುಂಬಿಟ್ಟಿರೋ ಜಾಲತಾಣವೊಂದಿದೆ, ಸಂಶೋಧನೆಯ ಹುಡುಗರು ಅಲ್ಲಿಂದಲೇ ತಂದು ನನ್ನ ಹತ್ತಿರ ಪ್ರಿಂಟ್ ತೆಗೆಸುತ್ತಾರೆ. ಹುಡುಕಿದರೆ ಲೇಖನ ಸಿಕ್ಕೇಬಿಟ್ಟಿತು! ದೊಡ್ಡಮ್ಮ ಕನ್ನಡಕ ಏರಿಸಿ, "ಅಯ್ಯೋ, ನೋಡೇ, ನನ್ನ ಮೆಷಿನ್ನಲ್ಲಿ ಹುಟ್ಟಿದ್ದು ಎಲ್ಲಿ ಬಂದು ಕೂತಿದೆ" ಅಂತ ಮಗುವಿನ ಥರ ಬೆರಗಾದಳು. ಆದರೆ ಬಿಟ್ಟಿಯಾಗಿ ಕಾಣುವುದು ಮೊದಲ ಪುಟ ಮಾತ್ರ. ಉಳಿದದ್ದಕ್ಕೆ ಬೀಗದ ಚಿತ್ರ, ದುಡ್ಡು ಕಟ್ಟಿ ಅಂತ ಸೂಚನೆ. ಬರೆದವರಿಗೆ ಒಂದು ಕಾಸೂ ಹೋಗುವುದಿಲ್ಲವಂತೆ, ಆ ಹುಡುಗಿಯೇ ಹೇಳಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ ಇರಬೇಕು.

ಬೆಲೆ ನೋಡಿ ದೊಡ್ಡಮ್ಮ, "ಬೇಡ ಬಿಡೇ" ಅಂದಳು. ನಾನು ಬಿಡುವವಳಾ? ಕಟ್ಟಿದೆ.

ಐದನೇ ಪುಟದಲ್ಲಿ ಕೋಷ್ಟಕ ಇತ್ತು. ಅವಳು ಪರದೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಇಳಿದಳು. ನಾಲ್ಕನೇ ಸಾಲಿಗೆ ಬಂದಳು. ಮುನ್ನೂರ ಎಂಬತ್ತು. ಬದಿಯಲ್ಲಿ, ಈ ಲೇಖನವನ್ನು ಅರವತ್ತೊಂದು ಲೇಖನಗಳು ಉಲ್ಲೇಖಿಸಿವೆ ಅಂತ ಬೇರೆ ಇತ್ತು.

"ಅರವತ್ತೊಂದು" ಅಂದಳು ದೊಡ್ಡಮ್ಮ. ಕುರ್ಚಿಯಲ್ಲಿ ಕುಸಿದಳು. ಗುಡ್ಡ ಅಗೆದು ಇಲಿಯಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು, ನಾನು ದುಡ್ಡು ಕೊಟ್ಟು ಹಾವು ತಂದಿದ್ದೆ. ಯಾಕಾದರೂ ಹುಡುಕಿದೆನೋ ಅಂತ ನನ್ನನ್ನೇ ಬೈದುಕೊಂಡೆ.

ಪುಟ ಮುಚ್ಚಲು ಹೋದೆ. ಅವಳು ನನ್ನ ಕೈ ಹಿಡಿದಳು. "ತಾಳು, ಇನ್ನೊಂದ್ಸಲ."

ಮೊದಲ ಪುಟದಿಂದ ಕೊನೆಯವರೆಗೆ ಎರಡನೇ ಸಲ ನೋಡಿದಳು. ಆಮೇಲೆ ಮೂರನೇ ಸಲ. ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಲೇಖನದ ಹೆಸರಿನ ಕೆಳಗೆ, ಇರುವೆ ಗಾತ್ರದ ಅಕ್ಷರಗಳ ಮೇಲೆ ಬೆರಳು ನಿಂತಿತು. "ಇದೇನೇ ಇದು?"

'ತಿದ್ದುಪಡಿ ಪ್ರಕಟವಾಗಿದೆ' ಅಂತಿತ್ತು. ಇದಕ್ಕೂ ಕೈ ಚಾಚುತ್ತಾರೆ ಅಂದುಕೊಂಡೇ ಒತ್ತಿದೆ. ಬೀಗವಿಲ್ಲ, ಬೆಲೆಯಿಲ್ಲ, ಅರ್ಧ ಪುಟ ಸಲೀಸಾಗಿ ತೆರೆದುಕೊಂಡಿತು. ಲೇಖನ ಬಂದ ಮರುವರ್ಷದ್ದು. ಜೋರಾಗಿ ಓದಿದೆ.

"ಕೋಷ್ಟಕದ ನಾಲ್ಕನೇ ಸಾಲಿನಲ್ಲಿ ೩೮೦ ಎಂದಿರುವುದನ್ನು ೨೮೦ ಎಂದು ಓದಿಕೊಳ್ಳಬೇಕು. ಬೆರಳಚ್ಚು ಮಾಡಿದವರ ಮೇಜಿನಲ್ಲಿ ದೊರೆತ ಕೆಳಗಿನ ಕಾರ್ಬನ್ ಪ್ರತಿಯಲ್ಲಿ ಸಂಖ್ಯೆ ಸರಿಯಾಗಿಯೇ ಇದೆ. ಅಚ್ಚಿಗೆ ಕಳಿಸುವ ಮುನ್ನ ಮೇಲಿನ ಪ್ರತಿಯಲ್ಲಿ ಅದನ್ನು ತಿದ್ದಿ ಕೆಡಿಸಿದವನು ಲೇಖಕನಾದ ನಾನು. ಅವರದು ಯಾವ ತಪ್ಪೂ ಇಲ್ಲ."

ನನಗೆ ತಡೆಯಲಾಗಲಿಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ! ಕಾರ್ಬನ್ ನಿನ್ನ ಮೇಜಲ್ಲೇ ಇತ್ತಂತೆ. ಅವತ್ತು ಒಂದ್ಸಲ ತೆಗೆದು ನೋಡೋಕೇನಾಗಿತ್ತು ನಿನಗೆ?"

"ಅವರು ಓದಿದವರು ಕಣೇ. ಅವರು ಕೂಗಾಡಿದ ಮೇಲೆ ತಪ್ಪು ನನ್ನದೇ ಇರುತ್ತೆ ಅಂದುಕೊಂಡೆ. ನೋಡಬೇಕು ಅಂತಲೇ ಹೊಳೀಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸರಿಯಾಗೇ ಹೊಡೆದಿದ್ದೆ, ಅಲ್ವೇನೇ?"

"ಸರಿಯಾಗೇ ಹೊಡೆದಿದ್ದೆ ದೊಡ್ಡಮ್ಮ."

ಎದ್ದು ಬಾಗಿಲಿಗೆ ಹೋದಳು. ಎದುರಿನ ಕಟ್ಟಡದಲ್ಲಿ ಬಣ್ಣದವನೊಬ್ಬ ಮೂರನೇ ಮಹಡಿಯ ಹತ್ತಿರ ನೇತಾಡುತ್ತಾ ಕಿಟಕಿಯ ಅಂಚಿಗೆ ಬ್ರಷ್ ಆಡಿಸುತ್ತಿದ್ದ. ಅವನು ನೆಲಕ್ಕಿಳಿದು ಹಗ್ಗ ಬಿಚ್ಚುವವರೆಗೂ ನೋಡುತ್ತಾ ನಿಂತಿದ್ದಳು.

ಒಳಗೆ ಬಂದವಳು ಪ್ರಿಂಟರಿಗೆ ಹಾಳೆ ಹಾಕಿದಳು. "ಆ ಅರ್ಧ ಪುಟ ಎರಡು ಪ್ರತಿ ತೆಗಿ. ಮೇಲಿನದು ನೀನಿಟ್ಟುಕೋ."

"ಎರಡೂ ಒಂದೇ ಅಲ್ವಾ? ಯಾವುದಾದ್ರೇನು?"

"ಕೆಳಗಿನದು ನನಗಿರಲಿ" ಅಂದಳು.