ಬೀಗಿತ್ತಿ ವಾಪಸು ಕಳಿಸಿದ ಮೊಟ್ಟೆ

ಬಸುರಿ ಮಗಳು ಭಾರತಮ್ಮನಿಗೆಂದು ವೇಮಗಲ್ಲಿನ ಕದಿರಮ್ಮ ರಾಗಿ ಹೊಟ್ಟಿನಲ್ಲಿ ಹುದುಗಿಸಿ ಕಳಿಸಿದ್ದ ಮೊಟ್ಟೆಗಳು ಗೌನಿಪಲ್ಲಿಯ ಬೀಗರ ಮನೆಯಿಂದ ಕುಕ್ಕೆ ಸಮೇತ ವಾಪಸು ಬಂದವು. ಜೊತೆಗೆ ಬೀಗಿತ್ತಿ ವೆಂಕಟರತ್ನಮ್ಮನ ಮಾತೂ ಬಂತು: "ಒಡೆದು ನೋಡಿದ್ವಿ. ಒಳಗೆ ಹಳದೀನೇ ಇಲ್ಲ, ಸುಣ್ಣದ ನೀರಿದ್ದಂಗೈತೆ. ಬಸುರಿಗೆ ಇಂಥದ್ದಾ ಕೊಡೋದು?"

ಭೂಮಿ ಬಾಯಿ ಬಿಡಬಾರದೇ ಎನಿಸಿತು ಕದಿರಮ್ಮನಿಗೆ. ಆಕೆಯದು ಮೂವತ್ತು ಫಾರಂ ಕೋಳಿ. ಶೆಡ್ಡಿನಲ್ಲೇ ಹುಟ್ಟಿ ಬೆಳೆದವು, ಹಸಿರೆಂಬುದನ್ನು ಕಣ್ಣಲ್ಲಿ ಕಂಡವಲ್ಲ.

ಪಾಚಿ ಬೆಳೆಸುವ ತರಬೇತಿ ಪಡೆದಿದ್ದ ಪಕ್ಕದ ಮನೆಯ ಶಾಮಲಮ್ಮ ಇದನ್ನು ಕೇಳಿ ನಕ್ಕಳು. "ಕೋಳಿಗೆ ಹಸಿರು ಬೇಕು ಕಣಕ್ಕಾ. ನನ್ನ ತೊಟ್ಟೀಲಿ ಬೆಳೀತಿರೋ ಪಾಚಿ ಹಾಕು. ಸ್ಪಿರುಲಿನಾ ಅಂತಾರೆ. ಬೇಳೆಗಿಂತ ಸತ್ವ ಜಾಸ್ತಿ."

"ಕಾಲಿಟ್ರೆ ಜಾರಿ ಬೀಳೋ ಪಾಚೀನಾ? ಆಮೇಲೆ ಬೀಗಿತ್ತಿ ಇನ್ನೇನಂತಾಳೋ!"

ಗಂಡ ಮುನಿಶಾಮಿಗೆ ಮಾತ್ರ ಉತ್ಸಾಹ. "ಪಾಚಿ ತಾನೇ? ಕೆರೇಲಿ ಬಿಟ್ಟಿ ಬಿದ್ದೈತೆ" ಎಂದವನೇ ಎರಡು ಬಕೀಟು ತಂದಿಟ್ಟ.

ಶಾಮಲಮ್ಮ ಓಡಿ ಬಂದಳು. "ಭಾವಾ, ಹಾಕಬ್ಯಾಡಿ! ಕೆರೆ ಪಾಚೀಲಿ ವಿಷದ್ದೂ ಇರ್ತದೆ. ದನಾನೇ ಸಾಯ್ತವೆ, ಕೋಳಿ ಯಾವ ಲೆಕ್ಕ? ಗುಂಡಿ ತೋಡಿ ಮುಚ್ಚಿ."

"ನಿಂದೂ ಹಸಿರು, ಇದೂ ಹಸಿರು!"

"ಹುಲ್ಲೂ ಹಸಿರು, ಎಕ್ಕದೆಲೇನೂ ಹಸಿರು. ಎರಡನ್ನೂ ಹಸುಗೆ ಹಾಕ್ತೀರಾ?"

ಮುನಿಶಾಮಿ ಗುಂಡಿ ತೋಡಲು ಗುದ್ದಲಿ ಹುಡುಕಿದ.

ಕದಿರಮ್ಮ ಹೋಗಿ ತೊಟ್ಟಿ ನೋಡಿದಳು. ಶುದ್ಧ ನೀರಿಗೆ ಅಡಿಗೆ ಸೋಡಾ, ಉಪ್ಪು, ಅಳತೆಯ ಗೊಬ್ಬರ. ಅದರಲ್ಲಿ, ಹಾಲಿಗೆ ಹೆಪ್ಪು ಹಾಕಿದಂತೆ, ತರಬೇತಿಯವರು ಕೊಟ್ಟ ಪಾಚಿಬೀಜ. ದಿನಕ್ಕೆ ಮೂರು ನಾಲ್ಕು ಸಲ ಕಲಕುವುದು, ಬೆಳೆದ ಮೇಲೆ ಬಟ್ಟೆಯಲ್ಲಿ ಸೋಸಿ, ತೊಳೆದು, ಸಂಡಿಗೆಯಂತೆ ಒಣಗಿಸಿ ಪುಡಿ ಮಾಡುವುದು. ಅಷ್ಟೇ ಕೆಲಸ.

"ನೂರು ಹಿಡಿ ಮೇವಿಗೆ ಒಂದು ಹಿಡಿ ಪುಡಿ. ಮೇವು ನಿಲ್ಲಿಸಬ್ಯಾಡಕ್ಕಾ, ಇದು ಅದರ ಜೊತೆಗೆ" ಎಂದಳು ಶಾಮಲಮ್ಮ.

ಶಾಮಲಮ್ಮ ಕೊಟ್ಟ ಪುಡಿಯನ್ನು ಮೇವಿಗೆ ಬೆರೆಸತೊಡಗಿದ ಎರಡು ವಾರದ ಮೇಲೆ ಕದಿರಮ್ಮ ತಟ್ಟೆಗೆ ಮೊಟ್ಟೆ ಒಡೆದವಳೇ ಕೂಗಿದಳು. "ಏನಯ್ಯಾ, ಬಾ ಇಲ್ಲಿ! ಚೆಂಡುಹೂವಿನ ಬಣ್ಣ ಬಂದೈತೆ!"

ಈ ಸಲ ಕುಕ್ಕೆ ಹೊತ್ತು ಬಸ್ಸು ಹತ್ತಿದ್ದು ಆಕೆಯೇ. ಬೀಗಿತ್ತಿಯ ಎದುರಿಗೇ ಒಂದು ಮೊಟ್ಟೆ ಒಡೆದಳು. ವೆಂಕಟರತ್ನಮ್ಮ ಬಗ್ಗಿ ನೋಡಿದಳು.

"ಏಮಮ್ಮಾ, ಅರಿಶಿನ ಕಲಸಿದ್ಯಾ?"

"ಚಿಪ್ಪು ಒಡೀದೆ ಅರಿಶಿನ ಕಲಸೋ ವಿದ್ಯೆ ನಂಗೆಲ್ಲಿ ಬರ್ಬೇಕು ಬೀಗಿತ್ತಿ?" ಎಂದ ಕದಿರಮ್ಮ ಪಾಚಿಯ ಕತೆಯನ್ನೆಲ್ಲ ಹೇಳಿದಳು.

ಭಾರತಮ್ಮ ಎರಡು ಬೇಯಿಸಿದ ಮೊಟ್ಟೆ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದಳು. ಅತ್ತೆ ತಾನೇ ಸುಲಿದುಕೊಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು, "ಆ ಪಾಚಿಬೀಜ ನಂಗೂ ಸಿಗ್ತದಾ?"

"ಬರೀ ಬೀಜ ತಂದ್ರಾಗಲ್ಲ. ಬಂದು ಕಲೀಬೇಕು."

ವೇಮಗಲ್ಲಿಗೆ ಹೊರಟ ಬಸ್ಸಿನಲ್ಲಿ ಬೀಗಿತ್ತಿಯರಿಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ಕೆರೆಯ ಪಾಚಿ ಮುಟ್ಟಬೇಡಿ. ಬಲ್ಲವರಿಂದ ಬೀಜ ತನ್ನಿ, ಅಳತೆ ಕೇಳಿ ತಿಳಿಯಿರಿ, ಒಂದು ಸಣ್ಣ ತೊಟ್ಟಿಯಿಂದ ಶುರು ಮಾಡಿ. ನಮ್ಮ ಸೀಮೆಯಲ್ಲಿ ಬಿಸಿಲಿಗೇನು ಬರವೇ? ಆಮೇಲೆ ನಾವು ಹೇಳುವುದು ಬೇಕಿಲ್ಲ, ನಿಮ್ಮ ಕೋಳಿಗಳೇ ಹೇಳುತ್ತವೆ.