ಆವಲಪ್ಪನ ಕಂಬಿಯೂ ಹೊಸ ಮೇಲ್ ಸರ್ವರೂ

ಈ ಕಥೆಯನ್ನು ಮೊದಲು ಹೇಳಿದವರು ಮಾರಕ್ಕ. ಸೋಂಪುರದ ಕೈಗಾರಿಕಾ ಪ್ರದೇಶದಲ್ಲಿ ನೀರೆತ್ತುವ ಪಂಪುಗಳನ್ನು ತಯಾರಿಸುವ ಒಂದು ಕಾರ್ಖಾನೆಯಿದೆ. ಅಲ್ಲಿಯ ಕ್ಯಾಂಟೀನಿನಲ್ಲಿ ಹನ್ನೊಂದು ವರ್ಷದಿಂದ ಅಡುಗೆ ಅವರದು. ಹೇಳಿದ್ದು 2025ರ ಡಿಸೆಂಬರಿನ ಎರಡನೆಯ ಭಾನುವಾರ, ಊಟವಾದ ಮೇಲೆ, ದಾಬಸ್‌ಪೇಟೆಗೆ ಹತ್ತಿರದ ತಮ್ಮ ಮನೆಯ ಜಗಲಿಯಲ್ಲಿ, ಐದಾರು ಮಂದಿ ಹೆಂಗಸರು ನೆನೆಸಿದ ಅವರೆಕಾಳು ಹಿಚುಕುತ್ತ ಕುಳಿತಿದ್ದಾಗ. ಅದೇ ಕಾರ್ಖಾನೆಯ ಗೇಟು ಕಾಯುವ ಕೆಂಪರಾಜ್ ಹೇಳುವ ಪಾಠ ಒಂದು ಕಡೆ ಬೇರೆ ದಾರಿ ಹಿಡಿಯುತ್ತದೆ. ಆ ಸಂಗತಿಯನ್ನು ಅದರ ಸ್ಥಳದಲ್ಲೇ ಸೂಚಿಸಿದೆ.

ಕಾರ್ಖಾನೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳು ಶಾಮಲಾ. ತ್ಯಾಮಗೊಂಡ್ಲಿನ ಹೆಣ್ಣುಮಗಳು, ದಿನವೂ ಸ್ಕೂಟರಿನಲ್ಲಿ ಬಂದು ಹೋಗುವವಳು. ಅಲ್ಲಿಯ ಎಂಬತ್ತಾರು ಮಂದಿಗೆ ಬರುವ ಮೇಲ್‌ಗಳೆಲ್ಲ ಬಂದು ಸೇರುವುದು ಆಫೀಸಿನ ಹಿಂದಿನ ತಂಪು ಕೋಣೆಯಲ್ಲಿದ್ದ ಒಂದೇ ಯಂತ್ರಕ್ಕೆ. ಕಾಗದಪತ್ರ ತಮ್ಮ ಕಾಂಪೌಂಡಿನ ಒಳಗೇ ಇರಬೇಕೆಂಬುದು ಮಾಲೀಕರ ಹಟ. ಆ ಯಂತ್ರದ ಮೇಲ್ ಸರ್ವರಿಗೆ ವಯಸ್ಸಾಗಿತ್ತು. ಅದಕ್ಕೆ ಇನ್ನು ಮುಂದೆ ಯಾವ ರಿಪೇರಿಯನ್ನೂ ಕಳಿಸುವುದಿಲ್ಲವೆಂದು ತಯಾರಿಸಿದವರೇ ಕೈಚೆಲ್ಲಿದ್ದರು. ಹೊಸ ಯಂತ್ರ ತಂದು, ಹೊಸ ಆವೃತ್ತಿ ಹಾಕಿ, ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ಸಾಗಿಸದೆ ಗತಿಯಿರಲಿಲ್ಲ.

ಮ್ಯಾನೇಜರ್ ಜಯಕುಮಾರ್ ಈ ಮಾತನ್ನು ಎತ್ತಿದ್ದು ಕ್ಯಾಂಟೀನಿನಲ್ಲಿ, ತಿಂಡಿಯ ಹೊತ್ತಿನಲ್ಲಿ.

“ನಿಮ್ಮೊಬ್ಬರ ಕೈಲಿ ಆಗುತ್ತೇನಮ್ಮಾ? ಬೆಂಗ್ಳೂರಿಂದ ಯಾರನ್ನಾದ್ರೂ ಕರೆಸ್ಬಿಡೋಣ. ಒಂದ್ ಕಾಗ್ದ ಕಳೆದ್ರೂ ಮಾಲೀಕ್ರು ನನ್ನ ಉಳ್ಸಲ್ಲ.”

“ಯಾರೂ ಬೇಡ ಸಾರ್, ನಾನೇ ಮಾಡ್ತೀನಿ. ಒಂದೇ ಒಂದ್ ಕಾಗ್ದನೂ ಕಳೆಯಲ್ಲ.”

ಇಡ್ಲಿಯ ತಟ್ಟೆ ಹಿಡಿದು ನಿಂತವರೆಲ್ಲರ ಎದುರಿಗೆ ಆಡಿದ ಮಾತು ಅದು. ಸಂಜೆಯೊಳಗೆ ಪೇಂಟ್ ಶಾಪಿನವರೆಗೂ ಹೋಗಿ ಮುಟ್ಟಿತು. ಅವಳನ್ನು ಕಂಡವರೆಲ್ಲ, “ಏನ್ ಮೇಡಂ, ಒಂದೂ ಕಳೆಯಲ್ವಂತೆ!” ಎಂದು ಕೇಳುವುದು ವಾಡಿಕೆಯಾಯಿತು. ಶಾಮಲಾ ನಗುತ್ತಿದ್ದಳು. ಆದರೆ ಆ ಮಾತು ತನ್ನ ಹೆಗಲ ಮೇಲೆ ಕುಳಿತಿದೆಯೆಂಬುದು ಅವಳಿಗೆ ತಿಳಿದಿತ್ತು.

ಮೂರು ತಿಂಗಳು ಅವಳು ಸಿದ್ಧತೆ ಮಾಡಿದಳು. ಮೂಲೆಯಲ್ಲಿ ಬಿದ್ದಿದ್ದ ಒಂದು ಯಂತ್ರದಲ್ಲಿ ಹೊಸ ಆವೃತ್ತಿಯನ್ನು ಎರಡು ಸಲ ಹಾಕಿ, ಎರಡು ಸಲ ಕಿತ್ತು, ಎಲ್ಲಿ ಮುಗ್ಗರಿಸುತ್ತದೆಂದು ನೋಡಿಕೊಂಡಳು. ಎಂಬತ್ತಾರು ಹೆಸರುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಳು. ಸಿಕ್ಕಿದ ಅವಕಾಶ ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆ ಆರರವರೆಗೆ. ಹಳೆಯ ಡಿಸ್ಕುಗಳೋ ಆಮೆಯಂಥವು. ಹೀಗಾಗಿ ಡಿಲೀಟ್ ಮಾಡಿದ್ದನ್ನು ಬಿಟ್ಟು ಉಳಿದುದನ್ನಷ್ಟೇ ಸಾಗಿಸುವುದೆಂದು ತೀರ್ಮಾನಿಸಿದಳು. ಹಾಗೆಂದು ಎಲ್ಲರಿಗೂ ಇಂಗ್ಲಿಷಿನಲ್ಲಿ ಒಂದು ನೋಟಿಸನ್ನೂ ಕಳಿಸಿದಳು. ಯಾರೂ ತಕರಾರು ಹೇಳಲಿಲ್ಲ.

ಒಂದೇ ಒಂದು ವಿಚಿತ್ರ ಅವಳ ಕಣ್ಣಿಗೆ ಬಿದ್ದಿತ್ತು. ಸ್ಟೋರಿನವರ ಮೇಲ್ ಪೆಟ್ಟಿಗೆಗಳಲ್ಲಿ ಇಟ್ಟುಕೊಂಡದ್ದು ಒಂದು ಹಿಡಿಯಾದರೆ ಡಿಲೀಟ್ ಮಾಡಿದ್ದು ಒಂದು ಗಾಡಿ. ‘ಕಸ ಆಚೆಗೆ ಹಾಕೋಕೂ ಸೋಮಾರಿತನ’ ಎಂದು ತನ್ನಷ್ಟಕ್ಕೆ ನಕ್ಕು, ಮುಂದಿನ ಹೆಸರಿಗೆ ಹೋಗಿದ್ದಳು.

ಸೋಮವಾರ ಬೆಳಿಗ್ಗೆ ಆರಕ್ಕೆ ಹೊಸ ಸರ್ವರ್ ಎದ್ದು ನಿಂತಿತು. ಪುಣೆಯಿಂದ ಬಂದ ಆರ್ಡರು ಮೊದಲು ಇಳಿಯಿತು, ಹಿಂದೆಯೇ ಕೊಯಮತ್ತೂರಿನದು. ಶಾಮಲಾ ನೋಟುಪುಸ್ತಕದ ಎಂಬತ್ತಾರು ಹೆಸರುಗಳ ಮುಂದೆಯೂ ಗುರುತು ಹಾಕಿದಳು. ಇನ್ನು ಉಳಿದದ್ದು ಒಂದೇ ಕೆಲಸ: ಹಳೆಯ ಯಂತ್ರದ ಡಿಸ್ಕುಗಳನ್ನು ಪೂರ್ತಿ ಅಳಿಸುವುದು. ಅದನ್ನು ಕೊಂಡವನ ವ್ಯಾನು ಹತ್ತು ಗಂಟೆಗೆ ಬರುವುದಿತ್ತು. ಅಳಿಸುವ ಆಜ್ಞೆಯನ್ನು ಟೈಪ್ ಮಾಡಿ, ಕಾಫಿ ಕುಡಿದು ಬಂದು ಕೊನೆಯ ಗುಂಡಿ ಒತ್ತೋಣವೆಂದು ಅವಳು ಎದ್ದಳು.

ಇಲ್ಲಿ ಪಾಠಭೇದವಿದೆ. ಅಂದು ಕ್ಯಾಂಟೀನಿನಲ್ಲಿ ಗ್ಯಾಸ್ ಮುಗಿದು ಕಾಫಿ ಕಾಲು ಗಂಟೆ ತಡವಾಯಿತು, ಆ ಕಾಲು ಗಂಟೆಯೇ ಎಲ್ಲವನ್ನೂ ಉಳಿಸಿತು ಎಂಬುದು ಮಾರಕ್ಕನ ಪಾಠ. ವ್ಯಾನಿನವನ ಹತ್ತಿರ ಗೇಟು ಚೀಟಿಯಿಲ್ಲವೆಂದು ತಾನು ಅವನನ್ನು ಹೊರಗೇ ತಡೆದು ನಿಲ್ಲಿಸಿದ್ದರಿಂದ ಶಾಮಲಾಳಿಗೆ ಅವಸರ ತಪ್ಪಿ ಎಲ್ಲ ಉಳಿಯಿತು ಎಂಬುದು ಕೆಂಪರಾಜನದು. ಇಬ್ಬರೂ ತಮ್ಮ ಮಾತನ್ನು ಬಿಟ್ಟುಕೊಡುವುದಿಲ್ಲ. ಶಾಮಲಾ ಕಾಫಿಗೆ ಕಾಯುತ್ತ ಕುಳಿತಿದ್ದಾಗ ಸ್ಟೋರ್ ಕೀಪರ್ ಆವಲಪ್ಪ ಅವಳನ್ನು ಹುಡುಕಿಕೊಂಡು ಬಂದ ಎಂಬಲ್ಲಿಗೆ ಎರಡೂ ಕೂಡುತ್ತವೆ.

“ಏನಮ್ಮಾ ಶಾಮಲಾ, ನನ್ ಕಂಬಿ ಎಲ್ಲೋಯ್ತು?”

“ಯಾವ್ ಕಂಬಿ ಆವಲಪ್ಪಣ್ಣ?”

“ಬಾ, ತೋರಿಸ್ತೀನಿ.”

ಸ್ಟೋರಿನ ಗೋಡೆಯಲ್ಲಿ ಒಂದು ಮೊಳೆ. ಮೊಳೆಗೆ ನೇತುಬಿದ್ದ ಕಬ್ಬಿಣದ ಕಂಬಿ. ಅದರ ತುದಿಗೆ ಮರದ ಬಿಲ್ಲೆ; ಬಿಲ್ಲೆಯ ಮೇಲಿಂದ ಮೊಳೆಯವರೆಗೂ ಚುಚ್ಚಿದ ಚೀಟಿಗಳು, ಅಡಿಯವು ಕಂದು, ಮೇಲಿನವು ಬಿಳಿ. ಸಾಮಾನು ಕೊಟ್ಟಾಯಿತೆಂದರೆ ಅದರ ಚೀಟಿ ಕಂಬಿಗೆ. ಮೇಜಿನ ಮೇಲಿರುವುದು ಇನ್ನೂ ಮಾಡಬೇಕಾದ ಕೆಲಸ, ಕಂಬಿಯಲ್ಲಿರುವುದು ಮುಗಿದ ಕೆಲಸ. ಆವಲಪ್ಪ ಈ ಸ್ಟೋರಿಗೆ ಸೇರಿದ ದಿನದಿಂದ ಇದೇ ಕ್ರಮ.

ಅವನು ಕಂಬಿಯನ್ನು ತೋರಿಸಿ, ಬಳಿಕ ತನ್ನ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟ. ಬೆರಳು ನಿಂತದ್ದು ಡಿಲೀಟ್ ಆದವುಗಳ ಜಾಗದ ಮೇಲೆ. ಅಲ್ಲಿ ಏನೂ ಇರಲಿಲ್ಲ.

“ಇದು ಇದ್ರ ಕಂಬಿ. ಹದಿನಾಲ್ಕು ವರ್ಷದ್ದು ಇತ್ತು. ನೆನ್ನೆ ಮೊನ್ನೆವರ್ಗೂ ಇತ್ತು.”

ಶಾಮಲಾ ಪರದೆಯ ಕಡೆಗೆ ಬಗ್ಗಿದಳು. “ಅಣ್ಣ, ಅದು ಬಿಸಾಕಿದ್ದಲ್ವಾ?”

“ಬಿಸಾಕೋದಾ! ಮುಗ್ದಿದ್ದು ಕಣಮ್ಮಾ. ಮುಗ್ದಿದ್ದನ್ನ ಯಾರಾದ್ರೂ ಬಿಸಾಕ್ತಾರಾ? ಯಾವ್ ಪಂಪಿಗೆ ಯಾವ್ ಗ್ಯಾಸ್ಕೆಟ್ಟು, ಯಾರು ಯಾವತ್ತು ಯಾವ್ ಅಳತೆ ಬರ್ದಿದ್ರು, ಎಲ್ಲಾ ಅಲ್ಲೇ.”

“ನಾನು ನೋಟಿಸ್ ಕಳ್ಸಿದ್ನಲ್ಲಣ್ಣ, ಬರ್ಲಿಲ್ವಾ?”

“ಬಂತಲ್ಲ. ಓದ್ದೆ. ಚುಚ್ಚಿಟ್ಟೆ.”

ಪಕ್ಕದ ಮೇಜಿನಲ್ಲಿ ಕುಳಿತಿದ್ದ ಡಿಸ್ಪ್ಯಾಚಿನ ಅರ್ಪಿತ ಕಿಸಕ್ಕನೆ ನಕ್ಕಳು. “ನಂದೂ ಹಂಗೇ ಅಕ್ಕ. ಕೆಲ್ಸಕ್ಕೆ ಸೇರ್ದಾಗ ಇವ್ರೇ ಹೇಳ್ಕೊಟ್ಟಿದ್ದು, ಮುಗೀತಾ, ಆ ಗುಂಡಿ ಒತ್ತು ಅಂತ. ಡಿಸ್ಪ್ಯಾಚೂ ಹಂಗೇ, ಪೇಂಟ್ ಶಾಪೂ ಹಂಗೇ. ಹದ್ನಾಲ್ಕು ಜನ ಇದೀವಿ.”

ಗಾಡಿಗಟ್ಟಲೆ ಕಂಡದ್ದು ಏನೆಂಬುದು ಶಾಮಲಾಳಿಗೆ ಆಗ ಹೊಳೆಯಿತು. ಅವಳು ಓಡಿದಳು. ತಂಪು ಕೋಣೆಯ ಪರದೆಯ ಮೇಲೆ ಅಳಿಸುವ ಆಜ್ಞೆ ಕೊನೆಯ ಗುಂಡಿಗೆ ಕಾಯುತ್ತ ಕಣ್ಣು ಮಿಟುಕಿಸುತ್ತಿತ್ತು. ಒಂದೊಂದೇ ಅಕ್ಷರ ಹಿಂದಕ್ಕೆ ತೆಗೆದು ಅದನ್ನು ಖಾಲಿ ಮಾಡಿದಳು. ಹಳೆಯ ಯಂತ್ರ ಹಾಗೆಯೇ ಇತ್ತು. ಕಂಬಿಗಳೂ ಅದರೊಳಗೆ ಹಾಗೆಯೇ ಇದ್ದವು.

ವಿಷಯ ಇನ್ನೂ ಸ್ಟೋರಿನ ಗೋಡೆ ದಾಟಿರಲಿಲ್ಲ. ಮನಸ್ಸು ಮಾಡಿದ್ದರೆ ಸದ್ದಿಲ್ಲದೆ ಒಂದೊಂದನ್ನೇ ಸಾಗಿಸಿಬಿಡಬಹುದಿತ್ತು. ಆದರೆ ಹೊಸ ಸರ್ವರಿನಲ್ಲಿ ತಾನೇ ಒಂದು ನಿಯಮ ಹಾಕಿದ್ದಳು: ಡಿಲೀಟ್ ಆಗಿ ತಿಂಗಳು ತುಂಬಿದ್ದು ತಾನಾಗಿಯೇ ಅಳಿದುಹೋಗುತ್ತದೆ. ಸದ್ದಿಲ್ಲದೆ ತಂದದ್ದು ಸದ್ದಿಲ್ಲದೆ ಹೋಗುತ್ತಿತ್ತು. ಅವಳು ನೇರವಾಗಿ ಜಯಕುಮಾರರ ಕೋಣೆಗೆ ನಡೆದು ಇದ್ದುದನ್ನು ಇದ್ದಂತೆ ಹೇಳಿದಳು.

ಜಯಕುಮಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಟಿಸ್ ಕೊಟ್ಟಿದ್ರಲ್ಲಮ್ಮಾ. ತಪ್ಪು ಅವರ್ದು. ಬಿಟ್ಬಿಡಿ, ಇನ್ನೊಂದ್ಸಲ ಬುದ್ಧಿ ಬರುತ್ತೆ. ವ್ಯಾನ್ ಬೇರೆ ಬಂದು ನಿಂತಿದೆ.”

“ಸಾರ್, ಒಂದ್ ಕಾಗ್ದನೂ ಕಳೆಯಲ್ಲ ಅಂತ ಹೇಳಿದ್ದೆ. ನೋಟಿಸ್ ಅರ್ಥ ಆದೋರ್ದು ಮಾತ್ರ ಕಳೆಯಲ್ಲ ಅಂತ ಹೇಳಿರ್ಲಿಲ್ಲ.”

ಜಯಕುಮಾರ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಎಷ್ಟ್ ದಿನ ಬೇಕು?”

“ಮೂರು.”

“ವ್ಯಾನಿನವನ ಹತ್ರ ನೀವೇ ಮಾತಾಡಿ. ಅವ್ನ್ ಬಾಯಿ ಸರಿಯಿಲ್ಲ.”

ವ್ಯಾನಿನವನು ಬಾಯಿಗೆ ಬಂದಂತೆ ಆಡಿದ್ದು ನಿಜ. “ಹೆಂಡ್ತಿ ತವರಿಂದ ಬರೋದ್ನ ಕಾದಂಗೆ ಕಾಯಿಸ್ತೀರಲ್ಲ ಮೇಡಂ, ಈ ಡಬ್ಬಕ್ಕೆ!” ಎಂದ. “ನಿನ್ ಹೆಂಡ್ತಿ ಇನ್ನೂ ಬರ್ತಾಳೇನಪ್ಪಾ? ಪುಣ್ಯವಂತ!” ಎಂದು ಕೆಂಪರಾಜ್ ಗೇಟು ತೆರೆದು ಕಳಿಸಿಕೊಟ್ಟ.

ಮೂರು ದಿನ ಹಳೆಯ ಡಿಸ್ಕುಗಳು ಗೊರಗುಟ್ಟುತ್ತ ಹದಿನಾಲ್ಕು ಮಂದಿಯ ಕಂಬಿಗಳನ್ನು ಬಿಟ್ಟುಕೊಟ್ಟವು. ಒಟ್ಟು ನಲವತ್ತೊಂದು ಸಾವಿರ ಕಾಗದ ಎಂಬುದು ಮಾರಕ್ಕನ ಲೆಕ್ಕ. ಅರವತ್ತು ಎನ್ನುವವರೂ ಇದ್ದಾರೆ. ಯಂತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದಾಗ ಶಾಮಲಾ ನೋಟುಪುಸ್ತಕ ಹಿಡಿದು ಮೇಜಿನಿಂದ ಮೇಜಿಗೆ ಹೋದಳು. ಈ ಸಲ ಯಾವುದು ಬೇಕು, ಯಾವುದು ಬೇಡ ಎಂದು ಕೇಳಲಿಲ್ಲ. “ಒಂದು ಮೇಲ್ ಬಂತು, ಅದರ ಕೆಲಸ ಮುಗೀತು, ಆಮೇಲೇನು ಮಾಡ್ತೀರಿ, ಮಾಡಿ ತೋರಿಸಿ” ಎಂದಳು. ಒಬ್ಬೊಬ್ಬರೂ ಮಾಡಿ ತೋರಿಸಿದರು. ನೋಡುತ್ತ ನೋಡುತ್ತ ಅವಳಿಗೆ ಒಂದು ಬಗೆಯ ಹೊಟ್ಟೆಕಿಚ್ಚು ಹುಟ್ಟಿತು. ತನ್ನ ಪೆಟ್ಟಿಗೆಯಲ್ಲಿ ಓದಿದ್ದು, ಓದದ್ದು, ಮುಗಿದದ್ದು, ಮುಗಿಯದ್ದು ಎಲ್ಲ ಕಲಸಿಹೋಗಿ ಒಂಬತ್ತು ಸಾವಿರ ಇದ್ದವು. ಆವಲಪ್ಪನ ಮುಂದೆ ಯಾವಾಗ ನೋಡಿದರೂ ಇದ್ದದ್ದು ಏಳೋ ಎಂಟೋ.

ಹೊಸ ಆವೃತ್ತಿಯಲ್ಲಿ ಅವಳು ಹದಿನಾಲ್ಕು ಮಂದಿಗೂ ಒಂದು ಹೊಸ ಜಾಗ ಮಾಡಿ, ಅದಕ್ಕೆ ಕನ್ನಡದಲ್ಲೇ ‘ಕಂಬಿ’ ಎಂದು ಹೆಸರಿಟ್ಟಳು. ಯಾವ ನಿಯಮವೂ ಅದರೊಳಗಿನದನ್ನು ಅಳಿಸುವಂತಿರಲಿಲ್ಲ. ಡಿಲೀಟ್ ಗುಂಡಿಗೆ ಬದಲಾಗಿ ಅದರ ಹತ್ತಿರದ ಇನ್ನೊಂದು ಗುಂಡಿ ಒತ್ತಿದರೆ ಕಾಗದ ನೇರವಾಗಿ ಅಲ್ಲಿಗೆ ಹೋಗುವಂತೆ ಮಾಡಿದಳು. ಆವಲಪ್ಪನಿಗೆ ಇದಷ್ಟೇ ಒಪ್ಪಿಗೆಯಾಗಲಿಲ್ಲ.

“ಹದಿನಾಲ್ಕು ವರ್ಷ ಒಂದೇ ಜಾಗಕ್ಕೆ ಹೋಗಿರೋ ಬೆರಳಮ್ಮಾ ಇದು. ನಾನ್ ಹೇಳಿದ್ರೂ ಕೇಳಲ್ಲ.”

“ಹಂಗಾದ್ರೆ ಬೆರಳಿಗೂ ಒಂದ್ ನೋಟಿಸ್ ಕಳಿಸ್ಲಾ ಅಣ್ಣ?”

“ಇಂಗ್ಲಿಷಲ್ಲಿ ಬೇಡ ತಾಯಿ!”

ಶಾಮಲಾ ಅವನ ಡಿಲೀಟ್ ಗುಂಡಿಯನ್ನೇ ಕೀಲಿಮಣೆಯಿಂದ ಕಿತ್ತು ತೆಗೆದಳು. ಹಲ್ಲು ಬಿದ್ದ ಬಾಯಂತೆ ಅಲ್ಲೊಂದು ತೂತು ಉಳಿಯಿತು. ಬೆರಳು ಎರಡು ದಿನ ತೂತಿಗೆ ಬಿದ್ದೆದ್ದು, ಮೂರನೆಯ ದಿನ ಸರಿಯಾದ ದಾರಿ ಹಿಡಿಯಿತು.

ಗುರುವಾರ ಬೆಳಿಗ್ಗೆ ಆವಲಪ್ಪ ತನ್ನ ಕಂಬಿಯನ್ನು ಅಡಿಯಿಂದ ತುದಿಯವರೆಗೆ ಪರೀಕ್ಷಿಸಲು ಕುಳಿತ. ಶಾಮಲಾ ಎದುರಿಗೆ ಒಂದು ಸ್ಟೂಲಿನ ಮೇಲೆ ಕುಳಿತಳು. ಜಯಕುಮಾರ್ ಬಾಗಿಲ ಬಳಿ ಒಮ್ಮೆ ಬಂದು ಇಣುಕಿ ಹೋದರು. ಆವಲಪ್ಪ ಒಂದೊಂದು ವರ್ಷದಲ್ಲೂ ತಾನು ಬಲ್ಲ ಎರಡು ಕಾಗದ ಹುಡುಕಿದ: ಅರಸೀಕೆರೆಯ ಎಣ್ಣೆ ಗಿರಣಿಯವರ ಅಳತೆ, ಒಡೆದ ಶಾಫ್ಟಿನ ಫೋಟೋ, ಮಾಲೀಕರು ಬೈದು ಬರೆದದ್ದು, ಆಮೇಲೆ ಕ್ಷಮಿಸಿ ಎಂದು ಬರೆದದ್ದು. ಬೈದದ್ದು ಸಿಕ್ಕಾಗ ಅದನ್ನು ಪೂರ್ತಿ ಓದಿದ. ಹನ್ನೊಂದೂವರೆ ಹೊತ್ತಿಗೆ ಕನ್ನಡಕ ಒರೆಸಿಕೊಂಡು ಎದ್ದ.

“ಎಲ್ಲಾ ಐತಮ್ಮಾ. ಒಂದೂ ಹೋಗಿಲ್ಲ. ನಿನ್ ಮಾತು ನಿಲ್ತು.”

ಶಾಮಲಾ ತಂಪು ಕೋಣೆಗೆ ಹೋಗಿ, ಅಳಿಸುವ ಆಜ್ಞೆಯನ್ನು ಮತ್ತೊಮ್ಮೆ ಟೈಪ್ ಮಾಡಿ, ಈ ಸಲ ಕೊನೆಯ ಗುಂಡಿಯನ್ನೂ ಒತ್ತಿದಳು. ಅಂದು ಕ್ಯಾಂಟೀನಿನಲ್ಲಿ ಅನ್ನ, ಸೊಪ್ಪಿನ ಹುಳಿ. ಅವಳು ಎರಡು ಸಲ ಬಡಿಸಿಕೊಂಡು ಉಂಡಳು ಎಂಬಲ್ಲಿಗೆ ಮಾರಕ್ಕ ಕಥೆ ನಿಲ್ಲಿಸಿದರು.

“ಅಲ್ಲ ಕಣಕ್ಕಾ, ಇಷ್ಟ್ ಮಾಡ್ದೋಳ್ಗೆ ಮ್ಯಾನೇಜರು ಏನೂ ಹೇಳ್ಲಿಲ್ವಾ?” ಎಂದು ಕಾಳು ಹಿಚುಕುತ್ತಿದ್ದ ಬೈರಮ್ಮ ಕೇಳಿದರು.

“ಹೇಳುದ್ರಂತೆ. ತಮ್ಮ ಪೆಟ್ಟಿಗೇಗೂ ಒಂದ್ ಕಂಬಿ ಮಾಡ್ಕೊಡಿ ಅಂದ್ರಂತೆ.”

ಜಗಲಿಯ ಮೇಲೆ ನಗು ಎದ್ದಿತು. ಬೈರಮ್ಮನಿಗೆ ಹಾಲು ಕರೆಯುವ ಹೊತ್ತಾಗಿತ್ತು. ಅವರು ಸೆರಗು ಕೊಡವಿ ಎದ್ದರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎದ್ದು, ಚಪ್ಪಲಿ ಮೆಟ್ಟಿಕೊಂಡು, “ಬರ್ತೀವಿ ಮಾರಕ್ಕ” ಎಂದು ತಮ್ಮ ತಮ್ಮ ಮನೆಯ ದಾರಿ ಹಿಡಿದರು.