ಹೆಗಲ ಮೇಲಿನ ಬೆರಳು

ಊಟವಾದ ಮೇಲೆ ಕಾರಿನಲ್ಲಿ ಅವ್ವ ನಿದ್ದೆ ಹೋಗಿಬಿಟ್ಟರೆ? ಬೆಳಗಿನಿಂದ ಮಾಯಾಳ ಎದೆಯಲ್ಲಿ ಕುಟ್ಟುತ್ತಿದ್ದ ಚಿಂತೆ ಇದೊಂದೇ. ಯಾರಿಗಾದರೂ ಹೇಳಿದರೆ ನಕ್ಕಾರು. ದಿನಚರಿಯಲ್ಲಿ ಬರೆಯಲೂ ಧೈರ್ಯವಾಗಿರಲಿಲ್ಲ.

ಅವಳ ದೃಷ್ಟಿ ಅಂಚಿನಿಂದ ಒಳಕ್ಕೆ ಸವೆಯುತ್ತಿತ್ತು. ಎದುರಿನದು ಕಾಣುತ್ತಿತ್ತು; ಪಕ್ಕದ್ದು ಇಲ್ಲ; ಹೊತ್ತು ಮುಳುಗಿದರೆ ಯಾವುದೂ ಇಲ್ಲ. ಇದಕ್ಕೆ ಮದ್ದಿಲ್ಲವೆಂದು ಹೈದರಾಬಾದಿನ ಡಾಕ್ಟರು ಹೇಳಿದ ಮೇಲೆ ಅವ್ವ ಶಾಲುಬಾಯಿ ಒಂದು ಹಂಚಿಕೆ ಹೂಡಿದ್ದಳು. ಎಡ ಹೆಗಲು ಒತ್ತಿದರೆ ಎಡಕ್ಕೆ ನೋಡಬೇಕು, ಬಲ ಹೆಗಲು ಒತ್ತಿದರೆ ಬಲಕ್ಕೆ. ಆ ಬೆರಳಿನ ಬಲದ ಮೇಲೆಯೇ ಗಂಡಿನ ಕಡೆಯವರು ಬಂದು ನೋಡಿ ಹೋಗಿದ್ದರು, ನಿಶ್ಚಯವೂ ಆಗಿತ್ತು. ಬುದ್ಧ ಪೂರ್ಣಿಮೆ ಕಳೆದರೆ ಮದುವೆ.

"ಮದಿವಿ ಆದಮ್ಯಾಲ ತಾನಾಗೇ ತಿಳೀತದ ಬಿಡು. ಈಗ ಬಾಯಿ ಬಿಟ್ರ ನಿನ್ನ ಯಾರು ಮಾಡ್ಕೋತಾರ?" ಎನ್ನುವಳು ಅವ್ವ.

ಮದುವೆಯಾಗುವ ಹುಡುಗ ನಾಗಸೇನನಿಗೋ ಹಕ್ಕಿ, ಪ್ರಾಣಿಗಳ ಹುಚ್ಚು. ಏಪ್ರಿಲಿನ ಈ ರವಿವಾರ ತಾಯಿ ಶೇವಂತಾಬಾಯಿಯನ್ನು ಕರೆದುಕೊಂಡು ಬೀದರಕ್ಕೆ ಬಂದು, ಮಾಯಾ, ಅವ್ವ ಇಬ್ಬರನ್ನೂ ಕಾರು ಹತ್ತಿಸಿದ್ದ. ಭಾಲ್ಕಿ ಕಡೆ ಕಾರಂಜಾ ಹಿನ್ನೀರಿನ ದಂಡೆಗುಂಟ ಹೋಗಿ, ಸಂಜೆಗೆ ಔರಾದ ಕಡೆ ಜಿಂಕೆ ಜಾತಿಯ ಚಿಗರಿ ನೋಡುವುದೆಂದು ಮಾತಾಗಿತ್ತು.

"ಕಾರವಾರ ಮದಿವಿ ಆದಮ್ಯಾಲರಿ. ಸದ್ಯಕ್ಕ ಬೀದರದವ್ರಿಗೆ ಇದೇ ಸಮುದ್ರ," ಎನ್ನುತ್ತ ನಾಗಸೇನ ದಂಡೆಯ ಮೇಲೆ ಕಾರು ನಿಧಾನ ಮಾಡಿದ.

ಹಿಂದಿನ ಸೀಟಿನಿಂದ ಅವ್ವನ ಬೆರಳು ಮುಂದೆ ಕೂತಿದ್ದ ಮಗಳ ಎಡ ಹೆಗಲನ್ನು ಒತ್ತಿತು. ಮಾಯಾ ತಿರುಗಿದಳು. ನೀರಿನಂಚಿನಲ್ಲಿ ಒಂಟಿ ಕೊಕ್ಕರೆ, ರೆಕ್ಕೆಯ ತುದಿಗೆ ಗುಲಾಬಿ ಬಳಿದಂತೆ. ನಿಜವಾಗಿಯೂ ಕಂಡಿತು.

"ಅಯ್ಯ, ಎಷ್ಟ ಚಂದ ಅದರಿ!"

"ನೋಡ್ದೇನವ್ವಾ? ನನಗಿಂತ ಮೊದಲ ಆಕಿಗೇ ಕಂಡ್ತು," ಎಂದ ನಾಗಸೇನ ತನ್ನ ತಾಯಿಗೆ.

"ನಿನ್ನೊಳಗೂ ಏನೋ ಚಲೋದು ಕಂಡದಲ್ಲ ಆಕಿಗಿ. ಭಾಳ ಚುರುಕು ಕಣ್ಣೇ ಇರಬೇಕು!" ಎಂದಳು ಶೇವಂತಾಬಾಯಿ.

ಎಲ್ಲರೂ ನಕ್ಕರು. ಮಾಯಾ ಮತ್ತೆ ನೀರಿನ ಕಡೆಗೇ ಮುಖ ಮಾಡಿದಳು.

ಭಾಲ್ಕಿ ದಾಟಿ ಹುಣಸೆಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದರು. "ಬೀಗ್ತಿ, ಇನ್ನೊಂದ ರೊಟ್ಟಿ ತಗೋರಿ, ನಾಚಬ್ಯಾಡ್ರಿ," ಎಂದು ಶೇವಂತಾಬಾಯಿ ಬಡಿಸಿದ್ದೇ ಬಡಿಸಿದ್ದು. ಅವ್ವ ಒಲ್ಲೆ ಎನ್ನಲಿಲ್ಲ. ಮೇಲೆ ಗಟ್ಟಿ ಮೊಸರು ಬೇರೆ. ಮಾಯಾ ಅವ್ವ ತಿಂದ ರೊಟ್ಟಿಗಳನ್ನು ಎಣಿಸುತ್ತಿದ್ದಳು.

ಔರಾದ ಹತ್ತಿರ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ನಾಗಸೇನ ದೀಪ ಹಾಕಿದ.

"ಈ ಹೊತ್ತಿಗಿ ಚಿಗರಿ ದಾರಿ ದಾಟ್ತಾವರಿ. ಬಲಕ್ಕ ನಾ ನೋಡ್ತೇನಿ, ಎಡಕ್ಕ ನೀವು ನೋಡ್ರಿ. ಕಂಡ್ರ ನಿಲ್ಸಂತ ಒದರ್ರಿ."

"ಹೂಂರಿ."

ಹೆಗಲ ಮೇಲಿನ ಬೆರಳು ಸಡಿಲಾಯಿತು. ಆಮೇಲೆ ಜಾರಿಯೇ ಹೋಯಿತು. ಹಿಂದಿನಿಂದ ಅವ್ವನ ಸಣ್ಣ ಗೊರಕೆ.

ಮಾಯಾ ಎಡಕ್ಕೆ ಕಣ್ಣು ಕೀಲಿಸಿದಳು. ಯಾರೋ ಕಿಟಕಿಗೆ ಕರಿಕಂಬಳಿ ಕಟ್ಟಿದಂತಿತ್ತು. ಕೆಮ್ಮಿದಳು. ಅವ್ವ ಏಳಲಿಲ್ಲ. ಕೂಗಿ ಎಬ್ಬಿಸಿದರೆ ಯಾಕೆಂದು ಕೇಳುತ್ತಾರೆ. ಸುಮ್ಮನಿದ್ದರೆ?

"ಎಡಕ್ಕ ಖಾಲಿ ಅದೇನ್ರಿ?"

"ಖಾಲಿ... ಖಾಲಿ ಅದರಿ."

ಅವನು ನಂಬಿ ವೇಗ ಹೆಚ್ಚಿಸಿದ.

ಮರುಕ್ಷಣ ಬ್ರೇಕು ಕಿರುಚಿತು. ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು. ದೀಪದ ಬೆಳಕಿನಲ್ಲಿ, ಬಂಪರಿಗೆ ಗೇಣು ದೂರದಲ್ಲಿ, ಒಂದು ಚಿಗರಿ ಮರಿ. ಅದರ ಎಳೆಕಾಲು ಗಡಗಡ ನಡುಗುವುದು ಮಾಯಾಳಿಗೂ ಕಂಡಿತು. ಅದು ಬಲಕ್ಕೆ ಜಿಗಿದು ಮರೆಯಾಯಿತು.

ನಾಗಸೇನ ಕಾರಿನ ಒಳಗಿನ ದೀಪ ಹಾಕಿದ. "ಎಡಗಡಿಂದೇ ಬಂತಲ್ಲರಿ," ಎಂದ. ಸಿಟ್ಟಿರಲಿಲ್ಲ, ತಿಳಿಯದೆ ಕೇಳುತ್ತಿದ್ದ.

ಅವ್ವ ಬೆಚ್ಚಿ ಎದ್ದಿದ್ದಳು. "ಆಕಿ ನೋಡ್ಯಾಳಪ್ಪ, ಹೇಳೂದ್ರಾಗ ಅದು ಜಿಗದದ," ಎನ್ನುತ್ತ ಮಗಳ ಹೆಗಲು ಹುಡುಕಿ ಹಿಡಿದಳು. ಈ ಸಲ ಆ ಬೆರಳು ಎಡವನ್ನೂ ಹೇಳಲಿಲ್ಲ, ಬಲವನ್ನೂ ಹೇಳಲಿಲ್ಲ. ಸುಮ್ಮನಿರು ಎಂದು ಉಗುರು ನೆಡುವಂತೆ ಒತ್ತಿತು.

ಮಾಯಾ ಆ ಕೈಯನ್ನು ಮೆಲ್ಲಗೆ ಬಿಡಿಸಿದಳು. ನಾಗಸೇನನ ಕಡೆ ಪೂರ್ತಿ ತಿರುಗಿದಳು, ಅವನ ಮುಖ ತನ್ನ ನೋಟದ ನಟ್ಟನಡುವೆ ಬರುವ ತನಕ.

"ನಾ ನೋಡಿಲ್ಲರಿ," ಎಂದಳು. "ನನಗ ಕಾಣಂಗಿಲ್ಲ."